ಹಾಳೆಗೂ ಎರಡು ಮೈ

ನವೆಂಬರ್ 9, ಧಾರವಾಡ

ತೇರಿನ ಪುಸ್ತಕ ಖಚಿತವಾಯಿತು. ಮಕ್ಕಳಿಗಾಗಿ, 32 ಪುಟ, ಅಂದರೆ 16 ಹಾಳೆ. ಮಾತು ಕಡಿಮೆ, ಚಿತ್ರವೇ ಹೆಚ್ಚು. ಪ್ರಕಾಶಕರು ಕಳಿಸಿದ ಕತೆ ಬಹಳ ಚಿಕ್ಕದು. ಹುಡುಗಿಯೊಬ್ಬಳು ಅಜ್ಜನ ಹೆಗಲೇರಿ ಜಾತ್ರೆಗೆ ಹೋಗುತ್ತಾಳೆ, ತೇರು ಬರುತ್ತದೆ, ಜನ ಉತ್ತತ್ತಿ ಬಾಳೆಹಣ್ಣು ಎಸೆಯುತ್ತಾರೆ, ತೇರು ಹೋಗುತ್ತದೆ. ಜಾತ್ರೆಯ ಧೂಳು, ಭಜಂತ್ರಿ, ಮಿಣಿ ಹಿಡಿದವರ ಕೂಗು ಎಲ್ಲ ಇಷ್ಟರೊಳಗೇ ಬರಬೇಕು.

ಶಿವರಾತ್ರಿಗೆ ಹುಬ್ಬಳ್ಳಿಯಲ್ಲಿ ನಡೆಯುವ ಸಿದ್ಧಾರೂಢರ ತೇರಿನ ಫೋಟೊಗಳು ನನ್ನ ಹತ್ತಿರ ರಾಶಿ ಇವೆ. ಅವನ್ನು ಮುಂದಿಟ್ಟುಕೊಂಡು ಕೂರಲು ಮನಸ್ಸಿಲ್ಲ. ನಮ್ಮ ಸೀಮೆಯಲ್ಲಿ ತೇರನ್ನು ಎಲ್ಲರಿಗಿಂತ ಹೆಚ್ಚು ಸಲ ಬರೆದವರು ಸೂಜಿ ಹಿಡಿದ ಹೆಣ್ಣುಮಕ್ಕಳು. ತೇರು, ಗೋಪುರ, ಪಲ್ಲಕ್ಕಿ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ನವಿಲು, ಗಿಳಿ: ಕಸೂತಿಯ ಪ್ರಪಂಚವೇ ಒಂದು ಜಾತ್ರೆ. ಆ ತೇರು ಈಗ ಚಹಾ ಕಪ್ಪಿನ ಮೇಲೆ, ಕ್ಯಾಲೆಂಡರಿನ ಮೇಲೆ, ಮದುವೆ ಕಾರ್ಡಿನ ಮೇಲೆ ಅಚ್ಚಾಗಿ ಕೂತಿದೆ. ನಾನೂ ಅದನ್ನೇ ಎತ್ತಿ ಪುಟದಲ್ಲಿ ಇಟ್ಟರೆ ಯಾರೂ ತಪ್ಪೆನ್ನಲಾರರು. ಆದರೆ ಹಾಗೆ ಎತ್ತಿಟ್ಟ ತೇರಿಗೆ ಬಟ್ಟೆಯ ಮೇಲಿದ್ದಾಗಿನ ಬಿಗಿ ಉಳಿಯುವುದಿಲ್ಲ. ಆ ಬಿಗಿ ಎಲ್ಲಿಂದ ಬರುತ್ತದೆ ಎನ್ನುವುದು ಹೊಲಿಯದೆ ತಿಳಿಯದು.

ಓಣಿಯ ಕೊನೆಯ ಮನೆಯ ಆಯಿಯನ್ನು ಕೇಳಿದೆ. ಹರೆಯದಿಂದಲೂ ಕಸೂತಿ ಹಾಕಿದ ಕೈ. “ಬಾರವ್ವಾ, ಆದ್ರ ಪೆನ್ಸಿಲ್ ಮನ್ಯಾಗ ಇಟ್ಟು ಬಾ” ಅಂದರು.

ನವೆಂಬರ್ 14

ಪೆನ್ಸಿಲ್ ಯಾಕೆ ಬೇಡ ಎನ್ನುವುದು ಇವತ್ತು ಗೊತ್ತಾಯಿತು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳುವಂತಿಲ್ಲ. ಹಾಸು ಹೊಕ್ಕಿನ ಎಳೆ ಎಣಿಸುತ್ತ ಹೋಗಬೇಕು. “ಗೆರಿ ಹಾಕ್ಕೊಂಡು ಹೊಲದ್ರ ಕಣ್ಣು ಗೆರಿ ಮ್ಯಾಲ ಇರ್ತದ, ಎಳಿ ಮ್ಯಾಲ ಇರಂಗಿಲ್ಲ” ಎಂದರು ಆಯಿ.

ಗವಂತಿ ಎಂಬ ಹೊಲಿಗೆಯಿಂದ ಶುರು. ಮೇಲೆ ನಾಲ್ಕು ಎಳೆ ದಾಟಿ ಸೂಜಿ ಕೆಳಗಿಳಿಯುತ್ತದೆ, ಕೆಳಗೆ ನಾಲ್ಕು ಎಳೆ ದಾಟಿ ಮೇಲೆ ಬರುತ್ತದೆ. ಹೋಗುವಾಗ ಮೇಲುಮೈಯಲ್ಲಿ ಒಂದು ಗೆರೆ, ಒಂದು ಖಾಲಿ, ಒಂದು ಗೆರೆ, ಒಂದು ಖಾಲಿ. ಮೇಲೆ ಎಲ್ಲಿ ಖಾಲಿಯೋ ಅಲ್ಲಿ ಕೆಳಮೈಯಲ್ಲಿ ಗೆರೆ. ಕೊನೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ವಾಪಸು. ಮೊದಲು ಬಿಟ್ಟದ್ದನ್ನೆಲ್ಲ ಈಗ ತುಂಬಬೇಕು. ಹೊರಟ ಜಾಗಕ್ಕೆ ಸೂಜಿ ಬಂದು ನಿಂತಾಗ ಬಟ್ಟೆಯ ಎರಡೂ ಮೈಯಲ್ಲಿ ಒಂದೇ ಗೆರೆ, ಎಲ್ಲೂ ಕಡಿದಿಲ್ಲ. ಗಂಟು ಹಾಕುವ ಹಾಗಿಲ್ಲ. ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು.

ಒಂದು ನೇರ ಗೆರೆಗೆ ಇಷ್ಟು. ತೇರಿಗೆ ಎಷ್ಟು ಕವಲು! ಗಾಲಿಯಿಂದ ಗಡ್ಡೆ, ಗಡ್ಡೆಯಿಂದ ಅಂತಸ್ತು, ಅಂತಸ್ತಿನ ಎರಡೂ ಬದಿಗೆ ಬಾವುಟ, ಮೇಲೆ ಕಳಸ. ಕವಲು ಸಿಕ್ಕಲ್ಲೆಲ್ಲ ನಿಂತು ಯೋಚಿಸಬೇಕು, ಈಗಲೇ ಅತ್ತ ಹೋಗಿಬರುವುದೋ, ವಾಪಸು ಬರುವಾಗ ಹೋಗುವುದೋ. ಆಯಿ ಯೋಚಿಸುವುದು ಕಾಣುವುದೇ ಇಲ್ಲ. ಬಾವುಟದ ಕಡೆಗೆ ಸೂಜಿ ಹೋಯಿತು, ತುದಿ ಮುಟ್ಟಿತು, ಬಂತು, ಮತ್ತೆ ಮೇಲಕ್ಕೆ ಹೊರಟಿತು. “ಟೊಂಗಿ ಬಂತಂದ್ರ ಟೊಂಗಿಗೆ ಹೋಗಿ ಬಂದುಬಿಡು. ಹೋಗೂ ಮುಂದ ಬರೂ ದಾರಿ ನೆನಪಿರಬೇಕು ನೋಡು.”

ನನ್ನ ಕೈಯಲ್ಲಿದ್ದದ್ದು ಬಿಳಿ ಮ್ಯಾಟಿ ಬಟ್ಟೆ, ಎಳೆ ದಪ್ಪ, ಎಣಿಸುವುದು ಸುಲಭ. ಆಯಿಯ ತೊಡೆಯ ಮೇಲಿದ್ದದ್ದು ಕಪ್ಪು ಚಂದ್ರಕಾಳಿ ಸೀರೆ. ಕಪ್ಪಿನಲ್ಲಿ ಕಪ್ಪು ಎಳೆ ಎಣಿಸುವುದು ಹೇಗೆ ಎಂದು ಕೇಳಿದ್ದಕ್ಕೆ ಸೀರೆ ಸರಿಸಿ ತೋರಿಸಿದರು. ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಂಡಿದ್ದರು. ಎಳೆಗಳ ಸಂದಿಯಲ್ಲಿ ಬಿಳಿ ಇಣುಕುತ್ತದೆ, ಆ ಬಿಳಿ ಚುಕ್ಕೆಗಳನ್ನು ನೋಡಿ ಲೆಕ್ಕ. ಅರವತ್ತು ದಾಟಿದ ಕಣ್ಣು, ಬಾಗಿಲಿನ ಬೆಳಕು, ಬಿಳಿ ಪಂಚೆ. ಬೇರೆ ಉಪಕರಣ ಏನೂ ಇಲ್ಲ.

ನವೆಂಬರ್ 16

ಮುರಗಿ, ನೇಯ್ಗಿ, ಮೆಂತಿ. ಮುರಗಿ ಗವಂತಿಯ ಬಳಗವೇ, ಮೆಟ್ಟಿಲು ಮೆಟ್ಟಿಲಾಗಿ ಓರೆ ಹತ್ತುತ್ತದೆ; ಅದಕ್ಕೂ ಎರಡು ಮೈ ಒಂದೇ. ಮೆಂತಿ ಅಡ್ಡಗುಣಿಸಿನ ಹೊಲಿಗೆ, ದೊಡ್ಡ ಆಕಾರಗಳ ಒಡಲು ತುಂಬುವುದಕ್ಕೆ. ಅದರ ಹಿಂಭಾಗ ಮುಂಭಾಗದ ಹಾಗೆ ಇರುವುದಿಲ್ಲ.

ನೇಯ್ಗಿ ನೋಡಿ ನಾನು ಅಲ್ಲೇ ಕೂತುಬಿಟ್ಟೆ. ಬರೀ ಉದ್ದ ಗಿಡ್ಡ ಓಟದ ಹೊಲಿಗೆಗಳು, ಸಾಲಿನ ಪಕ್ಕ ಸಾಲು, ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಬಟ್ಟೆ ತಿರುವಿದರೆ ಮುಂದೆ ಬಣ್ಣ ಇದ್ದಲ್ಲಿ ಹಿಂದೆ ಬಟ್ಟೆ, ಮುಂದೆ ಬಟ್ಟೆ ಇದ್ದಲ್ಲಿ ಹಿಂದೆ ಬಣ್ಣ. ಅದೇ ಆಕಾರ, ಹಗಲು ರಾತ್ರಿ ಅದಲು ಬದಲು.

ವಕ್ರರೇಖೆ ಎಂಬುದೇ ಕಸೂತಿಯಲ್ಲಿ ಇಲ್ಲ. ಅಡ್ಡ, ಉದ್ದ, ಓರೆ, ಇಷ್ಟರಲ್ಲೇ ಗಾಲಿಯೂ ಆಗಬೇಕು, ನವಿಲಿನ ಕತ್ತೂ ಆಗಬೇಕು. ಗಾಲಿ ಇಲ್ಲಿ ಎಂಟು ಮೂಲೆಯದು. ಆದರೂ ಉರುಳುತ್ತದೆ. ಬಾಗಲಾರದ ಗೆರೆಯಿಂದ ಉರುಳುವ ಗಾಲಿ ತೆಗೆದ ಆ ಮೊದಲ ಹೆಂಗಸಿಗೆ ಎಷ್ಟು ಧೈರ್ಯ ಇದ್ದಿರಬೇಕು.

ನವೆಂಬರ್ 23

ಸಂಜೆಯೆಲ್ಲ ಹೋಲ್‌ಬೈನ್. ಕಿರಿಯ ಹ್ಯಾನ್ಸ್ ಹೋಲ್‌ಬೈನ್, ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದ ಚಿತ್ರಕಾರ, 1543ರಲ್ಲಿ ತೀರಿಕೊಂಡವನು. ಅವನು ಬರೆದ ರಾಣಿ ಜೇನ್ ಸೀಮೋರಳ ಭಾವಚಿತ್ರ ವಿಯೆನ್ನಾದ ಕುನ್ಸ್ಟ್‌ಹಿಸ್ಟೋರಿಷೆಸ್ ಮ್ಯೂಸಿಯಂನಲ್ಲಿದೆ. ಅದರ ದೊಡ್ಡ ಪ್ರತಿ ನನ್ನ ಹತ್ತಿರ ಎಂದಿನಿಂದಲೋ ಇದೆ. ಇಷ್ಟು ದಿನ ಅವಳ ಮುಖ, ಕೆಂಪು ವೆಲ್ವೆಟ್, ಮುತ್ತು ನೋಡುತ್ತಿದ್ದೆ. ಇವತ್ತು ಮುಂಗೈಯ ಬಳಿ ಹೊರಬಂದಿರುವ ಬಿಳಿ ಬಟ್ಟೆಯ ಮೇಲೆ ಭೂತಗನ್ನಡಿ ಹಿಡಿದೆ. ಬಿಳಿಯ ಮೇಲೆ ಕಪ್ಪು ದಾರದ ಕೆಲಸ. ಗವಂತಿ!

ಯುರೋಪಿನವರು ಈ ಹೊಲಿಗೆಗೆ ಅವನ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ, ಹೋಲ್‌ಬೈನ್ ಹೊಲಿಗೆ ಅಂತ. ಅವನು ಸೂಜಿ ಹಿಡಿದವನಲ್ಲ. ಹೊಲಿದವರು ಯಾರೋ. ಆದರೆ ಹೊಲಿಗೆಯನ್ನು ಅವನು ಎಷ್ಟು ಗೌರವದಿಂದ ನೋಡಿದ್ದಾನೆಂದರೆ, ರಾಣಿಯ ಕಣ್ಣಿಗೆ ಕೊಟ್ಟಷ್ಟೇ ಸಮಯವನ್ನು ಅವಳ ಕೈಯಂಚಿನ ನೂಲಿಗೂ ಕೊಟ್ಟಿದ್ದಾನೆ. ಭಾವಚಿತ್ರ ಬರೆಯಿಸಿಕೊಂಡವರು ಅದನ್ನು ಕೇಳಿರಲಾರರು. ಅದು ಒಬ್ಬ ಕೈಕೆಲಸದವನು ಇನ್ನೊಬ್ಬ ಕೈಕೆಲಸದವಳಿಗೆ ಸಲ್ಲಿಸಿದ್ದು ಎಂದೇ ನನಗನ್ನಿಸುತ್ತದೆ.

ಮೊಬೈಲಿನಲ್ಲಿ ಚಿತ್ರ ಹಿಗ್ಗಿಸಿ ಆಯಿಗೆ ತೋರಿಸಿದೆ. “ಯಾವ ಊರಾಕಿ?” ಎಂದರು. ಹೇಳಿದೆ. ಸ್ವಲ್ಪ ಹೊತ್ತು ನೋಡಿ, “ಹಿಂದಿನ ಮೈ ತೋರ್ಸಿಲ್ಲಲ್ಲ” ಎಂದರು.

ಡಿಸೆಂಬರ್ 1, ಇಳಕಲ್

ಕಸೂತಿಯ ನೆಲವೇ ಇಳಕಲ್ ಸೀರೆ. ಅದರ ಹುಟ್ಟು ನೋಡದೆ ಮೇಲಿನ ಹೊಲಿಗೆ ಮಾತ್ರ ನೋಡುವುದು ಸರಿಯೆನಿಸಲಿಲ್ಲ.

ಕುಣಿಮಗ್ಗದ ಮುಂದೆ ನೇಕಾರ ಸೊಂಟದವರೆಗೆ ನೆಲದೊಳಗೆ. ಕಾಲು ಕುಣಿಯಲ್ಲಿ ತುಳಿಯುತ್ತಿದೆ, ಲಾಳಿ ಅತ್ತಿತ್ತ ಓಡುತ್ತಿದೆ. ದಡಿಗಳ ಹೆಸರು ಕೇಳುತ್ತ ಹೋದೆ: ಚಿಕ್ಕಿ ಪರಾಸ, ಗೋಮಿ, ಗಾಡಿ. ಸೆರಗು ಕೆಂಪು ರೇಷ್ಮೆ, ಅದರಲ್ಲಿ ಬಿಳಿ ತೆನೆಗಳು, ತೋಪತೆನಿ. ಒಡಲು ಹತ್ತಿ.

ನಾನು ನೋಡಲು ಹೋದದ್ದು ಕೊಂಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದು ಹತ್ತಿ, ಒಂದು ರೇಷ್ಮೆ. ಎರಡನ್ನೂ ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿ, ಎಳೆ ಎಳೆಯಾಗಿ, ಮಗ್ಗಕ್ಕೆ ಏರುವ ಮುಂಚೆಯೇ ಜೋಡಿಸುತ್ತಾರೆ. ಒಂದೊಂದು ಸೀರೆಗೂ ಒಂದೊಂದು ಸಲ ಈ ಕೆಲಸ. ಹತ್ತಾರು ಸೀರೆಗೆ ಆಗುವಷ್ಟು ಉದ್ದದ ಹಾಸು ಒಮ್ಮೆಗೇ ಹೂಡಿ ನೇಯುತ್ತ ಹೋಗುವ ಸಲೀಸು ಇಲ್ಲಿಲ್ಲ. ಮನೆಯ ಹೆಣ್ಣುಮಗಳೊಬ್ಬಳು ಕುಣಿಕೆ ಹಾಕುತ್ತಿದ್ದಳು. ಬೆರಳಿನ ತುದಿ ಮಾತ್ರ ಆಡುತ್ತಿದೆ, ನನ್ನ ಜೊತೆ ಮಾತೂ ನಡೆದಿದೆ. ಬಾಗಲಕೋಟೆಯ ಬಸ್ಸು ಎಷ್ಟೊತ್ತಿಗೆ, ಮದುವೆ ಆಗಿದೆಯೋ, ಮಕ್ಕಳೆಷ್ಟು.

ಜೋಡಣೆ ಮೊದಲು, ನೇಯ್ಗೆ ಆಮೇಲೆ. ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ನನ್ನ ಪುಸ್ತಕದಲ್ಲಿ 16 ಮತ್ತು 17ನೇ ಪುಟ ನಡುವಿನ ಜೋಡಿ, ಪಿನ್ನು ಬೀಳುವ ಜಾಗ. ತೇರು ಬರುವುದು ಅದರ ಈಚೆ, ಹೋಗುವುದು ಆಚೆ. ಆ ಕೊಂಡಿಯನ್ನು ಮೊದಲು ಹಾಕಿ ಉಳಿದ ಹಾಳೆ ಆಮೇಲೆ ಬರೆಯಬೇಕು.

ಗುಳೇದಗುಡ್ಡಕ್ಕೂ ಹೋಗಿ ಖಣದ ಮಗ್ಗ ನೋಡುವ ಆಸೆಯಿತ್ತು. ಹೊತ್ತಾಯಿತು.

ಡಿಸೆಂಬರ್ 5

ಬೆಳಗಿನ ನಡಿಗೆ ಸಾಧನಕೇರಿಯ ಕಡೆಗೆ. ಬೇಂದ್ರೆಯವರ ಮನೆಯ ಎದುರು ಕೆರೆಯ ದಂಡೆಯಲ್ಲಿ ಕೂತಿದ್ದೆ.

ಹಲಸಂಗಿಯ ಗೆಳೆಯರು ಹಳ್ಳಿಯ ಹೆಂಗಸರ ತ್ರಿಪದಿಗಳನ್ನು ಕೂಡಿಸಿ ‘ಗರತಿಯ ಹಾಡು’ ತಂದದ್ದು 1931ರಲ್ಲಿ. ಆ ಕಾಲದ ಕವಿಗಳೆಲ್ಲರ ಕಿವಿಗೂ ಜನಪದ ಬಿದ್ದಿತ್ತು. ಹಳ್ಳಿಯ ಎರಡು ಶಬ್ದ, ಒಂದು ಉಪಮೆ ತಂದು ಕವಿತೆಗೆ ಅಂಟಿಸಿಕೊಂಡವರೂ ಇದ್ದರು. ಬೇಂದ್ರೆ ಬೀಸುವ ಕೈಯ ಲಯವನ್ನೇ ಹಿಡಿದರು, ಲಾವಣಿ ಕಟ್ಟುವವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎನ್ನುವುದನ್ನು ಹಿಡಿದರು. ಆದ್ದರಿಂದಲೇ ಹಳ್ಳಿಯ ಒಂದು ವಸ್ತುವೂ ಇಲ್ಲದ ಅವರ ಪದ್ಯದಲ್ಲೂ ಬೀಸುಕಲ್ಲು ತಿರುಗುತ್ತದೆ.

ನನಗೆ ಬೇಕಾದದ್ದು ಇದು. ತೇರಿನ ಆಕಾರ ಎಲ್ಲ ಕಡೆ ಸಿಗುತ್ತದೆ. ಆಯಿಯ ಸೂಜಿ ಹೋಗಿಬರುವ ಕಟ್ಟಳೆಯನ್ನು ಹಾಳೆಯ ಮೇಲೆ ಹೇಗೆ ತರುವುದು?

ಡಿಸೆಂಬರ್ 14, ಬೀದರ

ಬಿದ್ರಿ ನೋಡಲು ಬಂದಿದ್ದೇನೆ. ಪುಸ್ತಕಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ಕರಿ ಬಿಳಿಯಲ್ಲಿ ಇಷ್ಟು ಮಾತಾಡುವ ಕಲೆ ನಮ್ಮಲ್ಲಿ ಬೇರೆ ಯಾವುದೂ ಇಲ್ಲ ಎನ್ನುವ ಕಾರಣ ಸಾಕು.

ಇಡೀ ದಿನ ಒಂದೇ ಕಾರ್ಖಾನೆಯಲ್ಲಿ ಕೂತಿದ್ದೆ. ಸಣ್ಣ ಕೋಣೆ, ನೆಲದ ಮೇಲೆ ನಾಲ್ಕು ಜನ. ಸತು ಮತ್ತು ತಾಮ್ರ, ಹೆಚ್ಚುಕಡಿಮೆ 16ಕ್ಕೆ 1ರ ಲೆಕ್ಕದಲ್ಲಿ ಕರಗಿಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಹೊರಬಂದ ಹೂದಾನಿ ಬೂದು ಬಣ್ಣ. ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರುತ್ತಾರೆ. ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಮೊಳೆಯಿಂದ ಗೀಚಿದ ಚಿತ್ತಾರ ಕಾಣಲಿ ಎಂದು. ಆಮೇಲೆ ಸಣ್ಣ ಉಳಿಯಿಂದ ಗೆರೆ ಕೊರೆದು, ಆ ಕಾಲುವೆಯಲ್ಲಿ ಬೆಳ್ಳಿಯ ತಂತಿ ಕೂರಿಸಿ ಸುತ್ತಿಗೆಯಿಂದ ತಟ್ಟುತ್ತಾರೆ.

ಇಲ್ಲಿಯವರೆಗೆ ನನಗೆ ಗೊತ್ತಿತ್ತು. ಮುಂದಿನದನ್ನು ಎದುರಿಗೆ ಕೂತು ನೋಡಿದ್ದು ಇವತ್ತು. ಬೆಳ್ಳಿ ಕೂತ ಮೇಲೆ ಇಡೀ ಮೈಯನ್ನು ಮತ್ತೆ ಉಜ್ಜುತ್ತಾರೆ. ಮೈಲುತುತ್ತದ ಕಪ್ಪು ಹೋಗಿಬಿಡುತ್ತದೆ. ಬೂದು ಲೋಹದಲ್ಲಿ ಬೆಳ್ಳಿ ಮುಳುಗಿ, ಅಷ್ಟು ದಿನದ ಕೆಲಸ ಕಣ್ಣಿಗೆ ಕಾಣದಂತಾಗುತ್ತದೆ. ಹೂದಾನಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಎಲ್ಲೋ ಒಂದು ಬಳ್ಳಿ ಮಿನುಗಿದಂತೆ. “ನಿಮ್ಗ ಕಾಣ್ತಿಲ್ರಿ. ನಮ್ಗ ಕೈಗಿ ಕಾಣ್ತದ” ಎಂದ ಹಿರಿಯ ಕುಶಲಕರ್ಮಿ ಹೆಬ್ಬೆರಳನ್ನು ಅದರ ಮೇಲೆ ಆಡಿಸಿದ.

ಕೊನೆಗೆ ಕೋಟೆಯ ಮಣ್ಣು. ಬೀದರ ಕೋಟೆಯ ಹಳೆಯ ಕಟ್ಟಡಗಳ ಒಳಗಿನ, ಬಿಸಿಲು ಮಳೆ ತಾಗದ ಮಣ್ಣು. ಸರಿಯಾದ ಮಣ್ಣು ಹೌದೋ ಅಲ್ಲವೋ ಎಂದು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಅದನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಹೂದಾನಿಯನ್ನು ಸ್ವಲ್ಪ ಬಿಸಿ ಮಾಡಿ ಮೈಗೆಲ್ಲ ಮೆತ್ತಿ ಉಜ್ಜಿದರು. ತೊಳೆದಾಗ ಸತುವಿನ ಮೈ ಶಾಶ್ವತವಾಗಿ ಕಪ್ಪಾಗಿತ್ತು, ಬೆಳ್ಳಿ ಬೆಳ್ಳಿಯಾಗಿಯೇ ಇತ್ತು. ಎಲ್ಲ ಬಳ್ಳಿಗಳೂ ಒಟ್ಟಿಗೆ ಎದ್ದು ನಿಂತವು. ಎಣ್ಣೆ ಸವರಿದರು. ನಾನು ಜೋರಾಗಿ ಕೂಗಿಬಿಟ್ಟೆ, ನಾಲ್ವರೂ ನಕ್ಕರು.

ತಾನು ಮಾಡಿದ್ದು ಕಣ್ಮರೆಯಾಗುವ ಹಂತವನ್ನು ಇವರು ಪ್ರತಿ ಸಲವೂ ದಾಟಬೇಕು. ಅದಿಲ್ಲದೆ ಬಿದ್ರಿ ಇಲ್ಲ. ಈ ಊರಿನ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆಗ ಪತ್ರಿಕೆಗಳು ಹೊಳೆಯುವ ಬೆಳ್ಳಿಯ ಚಿತ್ರಗಳನ್ನು ಹಾಕಿದ್ದವು. ಯಾರಾದರೂ ಆ ಬೂದು ಹೂದಾನಿಯ ಚಿತ್ರವನ್ನೂ ಹಾಕಬೇಕಿತ್ತು.

ಡಿಸೆಂಬರ್ 27, ಬೆಂಗಳೂರು

ಚಿತ್ರಕಲಾ ಪರಿಷತ್ತು. ಉಳಿದ ಗ್ಯಾಲರಿಗಳನ್ನು ಬೇಗ ದಾಟಿ ತೊಗಲು ಗೊಂಬೆಗಳ ಮುಂದೆ ನಿಂತೆ. ಪರಿಷತ್ತು ಕಟ್ಟಿದ ಎಂ.ಎಸ್. ನಂಜುಂಡರಾಯರು ಸ್ವತಃ ಚಿತ್ರಕಾರರು, ಹಳ್ಳಿ ಹಳ್ಳಿ ಸುತ್ತಿ ಈ ಗೊಂಬೆಗಳನ್ನು ಕೂಡಿಸಿದವರು. ಅವರು ಕೂಡಿಸದೇ ಇದ್ದಿದ್ದರೆ ಎಷ್ಟೋ ಗೊಂಬೆಗಳು ಇಲಿಗಳ ಪಾಲಾಗುತ್ತಿದ್ದವು.

ಹದ ಮಾಡಿ ತೆಳುವಾಗಿಸಿದ ಆಡಿನ ತೊಗಲು, ಬೆಳಕು ಆರಪಾರ ಹಾಯುವಂಥದು. ಆಭರಣ, ಸೀರೆಯ ಅಂಚು ಎಲ್ಲವನ್ನೂ ಸಣ್ಣ ಸಣ್ಣ ರಂಧ್ರಗಳಿಂದಲೇ ಬಿಡಿಸಿದ್ದಾರೆ. ಬಣ್ಣ ಎರಡೂ ಬದಿಗೆ. ಗೋಡೆಗೆ ಒತ್ತಿ ತೂಗುಹಾಕಿದಾಗ ಅರ್ಧ ಜೀವ. ಹಿಂದಿನಿಂದ ದೀಪ ಬಿದ್ದರೆ ಪೂರ್ತಿ. ಆಟದಲ್ಲಿ ಗೊಂಬೆ ತಿರುಗುತ್ತದೆ, ಬಲಕ್ಕೆ ಹೋಗುತ್ತಿದ್ದ ಹನುಮ ಎಡಕ್ಕೆ ಹೊರಡುತ್ತಾನೆ. ತೊಗಲಿಗೆ ಬೆನ್ನು ಎಂಬುದಿಲ್ಲ. ಪರದೆಯ ಆಚೆ ಕೂತವರಿಗೂ ಈಚೆ ಗೊಂಬೆ ಆಡಿಸುವವರಿಗೂ ಅದೇ ಚಿತ್ರ.

ಗವಂತಿಯೂ ಇದೂ ಒಂದೇ ಮಾತಾಡುತ್ತಿವೆ. ಏನೋ ಹತ್ತಿರ ಬಂದಿದೆ. ರಾತ್ರಿ ರೈಲಿನಲ್ಲಿ ನಿದ್ದೆ ಬರಲಾರದು.

ಜನವರಿ 4, ಧಾರವಾಡ

ಸಿಕ್ಕಿತು.

ಹಾಳೆಗೂ ಎರಡು ಮೈ. ಮಗು ಪುಟ ತಿರುವುತ್ತದೆ, ನಾನು ಅಲ್ಲಿ ಹೊಸ ಚಿತ್ರ ಶುರು ಮಾಡುತ್ತೇನೆ, ಹಾಳೆಯ ಈ ಮೈಗೂ ಆ ಮೈಗೂ ಸಂಬಂಧವೇ ಇಲ್ಲ. ಎಲ್ಲ ಪುಸ್ತಕಗಳೂ ಹೀಗೇ. ಯಾಕೆ ಹೀಗೇ ಇರಬೇಕು? ಮುಂದಿನ ಮೈಯಲ್ಲಿ ಎಳೆದ ಗೆರೆ ಹಿಂದಿನ ಮೈಯಲ್ಲೂ ಅದೇ ಜಾಗದಲ್ಲಿ ಇರಲಿ, ಕನ್ನಡಿಯಲ್ಲಿ ಕಂಡಂತೆ. ಮುಂದಿನ ಮೈಯಲ್ಲಿ ಅಜ್ಜನ ಹೆಗಲ ಮೇಲಿನ ಹುಡುಗಿಗೆ ಎದುರಾಗಿ ಬರುವ ತೇರು. ತಿರುವಿದರೆ ಅದೇ ಹೊರಗೆರೆ, ಆದರೆ ಈಗ ತೇರಿನ ಆಚೆ ಬದಿಯ ಮಾಳಿಗೆ ಮೇಲೆ ನಿಂತವರ ಕಣ್ಣಿನಿಂದ. ಒಂದು ಮೈಯಲ್ಲಿ ಮಿಣಿ ಎಳೆಯುವವರ ಮುಖ, ಇನ್ನೊಂದರಲ್ಲಿ ಅವರ ಬೆನ್ನು, ಬೆನ್ನಿನ ಮೇಲೆ ಬೆವರು. ಗೆರೆ ಒಂದೇ, ನೋಡುವವರು ಇಬ್ಬರು.

ಗೆರೆ ಎಳೆಯುವ ಕಟ್ಟಳೆಯೂ ಗವಂತಿಯದೇ. ಪೆನ್ನು ಹೊರಟ ಜಾಗಕ್ಕೆ ಮರಳಬೇಕು. ಕವಲಿಗೆ ಹೋಗಿ ಬರಬೇಕು. ಅಡ್ಡ, ಉದ್ದ, ಓರೆ, ಬೇರೆ ಇಲ್ಲ. ಜನರ ಗುಂಪನ್ನೂ ಇದರಲ್ಲೇ ಬರೆಯಬೇಕು. ಇವತ್ತು ಮೊದಲ ಗುಂಪು ಬರೆದೆ. ಚೌಕದ ಹೆಗಲು, ಓರೆ ತೋಳು, ಮೇಲೆದ್ದ ಕೈಗಳು. ವಕ್ರರೇಖೆ ಕೈಬಿಟ್ಟ ಕ್ಷಣದಿಂದ ಗುಂಪಿಗೆ ಒಂದು ನೂಕುನುಗ್ಗಲು ಬಂತು, ಹೆಗಲಿಗೆ ಹೆಗಲು ಕಚ್ಚಿಕೊಂಡವು. ಮೊದಲಿನ ನನ್ನ ಗುಂಪುಗಳಲ್ಲಿ ಪ್ರತಿಯೊಬ್ಬರೂ ಬಿಡಿಬಿಡಿಯಾಗಿ ನಿಲ್ಲುತ್ತಿದ್ದರು.

ಕೊನೆಯ ಹಾಳೆಗೆ ನೇಯ್ಗಿ. ಮುಂದೆ ಹಗಲಿನ ಜಾತ್ರೆ, ಬಿಳಿಯ ಮೇಲೆ ಕಪ್ಪು. ಹಿಂದೆ ಅದೇ ಬಯಲು ರಾತ್ರಿಯಲ್ಲಿ, ಕಪ್ಪಿನ ಮೇಲೆ ಬಿಳಿ, ತೇರು ಮನೆ ಸೇರಿದೆ, ಬೆಂಡು ಬತ್ತಾಸಿನ ಅಂಗಡಿಯವನು ತಗಡು ಮುಚ್ಚುತ್ತಿದ್ದಾನೆ.

ತೊಗಲು ಗೊಂಬೆಯಿಂದ ಇನ್ನೊಂದು. ಮುಂದಿನ ಮೈಗೆ ಕೆಂಪು, ಹಿಂದಿನ ಮೈಗೆ ನೀಲಿ. ಮಗು ಹಾಳೆಯನ್ನು ಕಿಟಕಿಗೆ ಹಿಡಿದರೆ ಎರಡೂ ಒಂದರೊಳಗೊಂದು ಸೇರಿ, ತೇರಿನ ಆಚೆಯ ಜನ ಈಚೆಯ ಜನ ಒಂದೇ ಜಾತ್ರೆಯಾಗಬೇಕು.

ಕೈ ನೋಯುತ್ತಿದೆ. ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ.

ಜನವರಿ 11

ನೇಯ್ಗೆಯ ಕಲಾವಿದೆ ಆ್ಯನಿ ಆಲ್ಬರ್ಸಳ ಪುಸ್ತಕ ಮತ್ತೆ ತೆಗೆದೆ. ಬರ್ಲಿನ್ನಿನವಳು. 1922ರಲ್ಲಿ ಬೌಹೌಸ್ ಶಾಲೆಗೆ ಸೇರಿದಳು. ಅಷ್ಟು ಹೊಸತನದ ಶಾಲೆಯಲ್ಲೂ ಹೆಣ್ಣುಮಕ್ಕಳನ್ನು ಕಳಿಸುತ್ತಿದ್ದದ್ದು ಮಗ್ಗದ ಕಡೆಗೇ. ಅವಳಿಗೆ ಅದು ಮೊದಲು ಇಷ್ಟವಿರಲಿಲ್ಲ. ಆಮೇಲೆ ಮಗ್ಗವೇ ಅವಳ ಬದುಕಾಯಿತು. 1933ರಲ್ಲಿ ಅಮೆರಿಕಕ್ಕೆ ಹೋಗಿ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಕಲಿಸಿದಳು, 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವಳ ನೇಯ್ಗೆಗಳ ಪ್ರದರ್ಶನವಾಯಿತು. 1965ರಲ್ಲಿ ಬಂದ ನೇಯ್ಗೆಯ ಮೇಲಿನ ತನ್ನ ಪುಸ್ತಕವನ್ನು ಪ್ರಾಚೀನ ಪೆರುವಿನ ನೇಕಾರರಿಗೆ, ತನ್ನ ಗುರುಗಳೆಂದು ಕರೆದು, ಅರ್ಪಿಸಿದಳು.

ಇಷ್ಟು ವರ್ಷ ಆ ಅರ್ಪಣೆಯ ಪುಟವನ್ನು ದಾಟಿ ಮುಂದೆ ಹೋಗುತ್ತಿದ್ದೆ. ಇವತ್ತು ಅಲ್ಲೇ ನಿಂತೆ. ಸಾವಿರಾರು ಮೈಲಿ ಆಚೆಯ, ನೂರಾರು ವರ್ಷ ಹಿಂದಿನ, ಹೆಸರೇ ಉಳಿಯದ ಕೈಗಳು. ಅವರ ಬಟ್ಟೆಯನ್ನು ಎಳೆ ಎಳೆಯಾಗಿ ಓದಿ ಕಲಿತವಳು ಅವಳು. ಅವರ ಹಕ್ಕಿ ಪ್ರಾಣಿಗಳನ್ನು ನಕಲು ಮಾಡಲಿಲ್ಲ. ನಮ್ಮಲ್ಲಿ ದಾಸಿಮಯ್ಯ ಮಗ್ಗದ ಮುಂದೆ ಕೂತೇ ವಚನ ಕಟ್ಟಿದವನು. ಅವನಿಗೆ ಅರ್ಪಣೆಯೂ ಬೇಕಿರಲಿಲ್ಲ, ಎರಡೂ ಒಂದೇ ಕೈಯ ಕೆಲಸವಾಗಿತ್ತು. ನಮ್ಮ ಕಾಲಕ್ಕೆ ಅದು ಎರಡು ಕೈಯಾಗಿದೆ. ಒಂದು ಕೈಯ ಹೆಸರು ಮುಖಪುಟದಲ್ಲಿ ಅಚ್ಚಾಗುತ್ತದೆ, ಇನ್ನೊಂದು ಕೈಗೆ ಸೀರೆಗಿಷ್ಟು ಎಂದು ಕೂಲಿ.

ಪ್ರಕಾಶಕರಿಗೆ ಪತ್ರ ಬರೆದೆ. ಶೀರ್ಷಿಕೆ ಪುಟದಲ್ಲಿ ನನ್ನ ಹೆಸರಿನ ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ ಆಯಿಯ ಹೆಸರು ಇರಬೇಕು, ಗೌರವಧನದಲ್ಲಿ ಪಾಲು ಇರಬೇಕು. ಒಪ್ಪಿದರೆ ಮುಂದೆ ಮಾತು.

ಜನವರಿ 19

ಪ್ರಕಾಶಕರು ಒಪ್ಪಿದರು.

ಕಚ್ಚಾ ಪ್ರತಿ ಹೊಲಿದು ಆಯಿಯ ಕೈಗೆ ಕೊಟ್ಟೆ. ಅವರು ಪುಟ ತಿರುವಲಿಲ್ಲ. ಮೊದಲ ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಈ ಮೈ, ಆ ಮೈ, ಈ ಮೈ, ಆ ಮೈ ಎಂದು ಹೊರಳಿಸಿದರು. ಆಮೇಲೆ ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದರು.

“ಇಲ್ಲಿ ಒಂದು ಎಳಿ ಸರದದ.”

ಹೌದು, ಕಳಸದ ಬಳಿ. ಕೈಯಿಂದ ಮಡಿಸಿ ಹೊಲಿದದ್ದರಲ್ಲಿ ಹಾಳೆ ಕೂದಲಿನಷ್ಟು ಜರುಗಿತ್ತು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹತ್ತಿರ ಬಂದು ಉಳಿದ ಹಾಳೆಗಳನ್ನೂ ನೋಡಿದರು. ಗುಂಪಿನ ಚಿತ್ರದ ಮೇಲೆ ಬೆರಳಿಟ್ಟು, “ಈ ಹೆಂಗಸಿನ ಸೆರಗು ಬಲಕ್ಕ ಹೊದಸಿಯಲ್ಲ, ಹಿಂದಿನ ಮೈಯಾಗ ಅದು ಎಡಕ್ಕ ಬರ್ತದ, ನಮ್ಮ ಮಂದಿ ಹಂಗ ಉಡಂಗಿಲ್ಲ” ಎಂದರು. ಕನ್ನಡಿ ಗೆರೆಯ ಲೆಕ್ಕದಲ್ಲಿ ಇದು ದೊಡ್ಡ ಪ್ರಶ್ನೆ. ಗೆರೆ ಒಂದೇ ಇರಬೇಕು, ಸೆರಗು ಎರಡೂ ಕಡೆ ಸರಿ ಕಾಣಬೇಕು. ಆಯಿಯೇ ದಾರಿ ಹೇಳಿದರು: “ತಲಿ ಮ್ಯಾಲ ಸೆರಗು ಹಾಕು. ಅಲ್ಲಿ ಎಡ ಇಲ್ಲ, ಬಲ ಇಲ್ಲ.” ತೇರಿಗೆ ಕೈ ಮುಗಿಯುವ ಹೆಂಗಸು ತಲೆಯ ಮೇಲೆ ಸೆರಗು ಹೊದ್ದಿರುತ್ತಾಳೆ, ಇದಕ್ಕಿಂತ ಸಹಜ ಇನ್ನೇನು.

ಹೆಸರಿನ ವಿಷಯ ಹೇಳಿದೆ. ಸುಮ್ಮನಾದರು. ತಮಗೆ ಕಲಿಸಿದವಳು ತಮ್ಮ ಚಿಗವ್ವ, ಅವಳಿಗೆ ಅವಳ ಅತ್ತೆ, ಹಾಕುವುದಾದರೆ ಅವರೆಲ್ಲರ ಹೆಸರೂ ಹಾಕಬೇಕಾಗುತ್ತದೆ ಎಂದರು. “ಹಾಕೋಣ” ಎಂದೆ. ಚಿಗವ್ವನ ಹೆಸರು ಹೇಳಿದರು. ಅವಳ ಅತ್ತೆಯ ಹೆಸರು ನೆನಪಿಗೆ ಬರಲಿಲ್ಲ. ತವರಿಗೆ ಫೋನು ಮಾಡಿ ಕೇಳುತ್ತೇನೆ ಎಂದಿದ್ದಾರೆ.

ಹಣದ ಮಾತಿಗೆ ಮಾತ್ರ ಸ್ಪಷ್ಟವಾಗಿದ್ದರು. “ಕೊಡ್ರಿ, ತಗೋತೀನಿ. ಮಷೀನಿನ ಸೀರಿ ಬಂದ ಮ್ಯಾಲ ಕೈಯಿಂದ ಹಾಕಿದ್ದಕ್ಕ ಯಾರೂ ಸರೀ ರೊಕ್ಕ ಕೊಡವಲ್ರು.” ಮಷೀನಿನ ಕಸೂತಿಯ ಹಿಂಭಾಗದಲ್ಲಿ ದಾರದ ಸಿಕ್ಕು ಇರುತ್ತದೆ, ಅದನ್ನು ಮುಚ್ಚಲು ಹಿಂದೆ ಬಟ್ಟೆ ಅಂಟಿಸುತ್ತಾರೆ. ಕೊಳ್ಳುವವರು ಒಮ್ಮೆ ಸೀರೆ ತಿರುವಿ ನೋಡುವುದನ್ನು ಕಲಿತರೆ ಆಯಿಯಂಥವರ ಅರ್ಧ ತೊಂದರೆ ತೀರುತ್ತದೆ ಎಂದು ನನ್ನ ನಂಬಿಕೆ. ಈ ಪುಸ್ತಕ ಓದಿದ ಮಕ್ಕಳಿಗಾದರೂ ತಿರುವಿ ನೋಡುವ ಚಟ ಹತ್ತಲಿ.

ಜನವರಿ 28, ಹುಬ್ಬಳ್ಳಿ

ಮುದ್ರಣಾಲಯದಲ್ಲಿ ಅರ್ಧ ದಿನ. ಮಾಲೀಕರು ಕಚ್ಚಾ ಪ್ರತಿ ನೋಡಿ ತಲೆ ಕೆರೆದುಕೊಂಡರು. ಹಿಂದಿನ ಪುಟ ಮುಂದೆ ಕಾಣದಂತೆ ಮಾಡುವುದೇ ಅವರ ಜೀವಮಾನದ ಕೆಲಸ. ನಾನು ಕಾಣಬೇಕು ಎನ್ನುತ್ತಿದ್ದೇನೆ. “ಮೇಡಂ, ಮಕ್ಕಳ ಪುಸ್ತಕಕ್ಕೆ 130 ಜಿಎಸ್‌ಎಂಗಿಂತ ಕಡಿಮೆ ಕೊಟ್ರೆ ಹರಿದುಹಾಕ್ತಾರೆ” ಎಂದರು. 130ರಲ್ಲಿ ಬೆಳಕು ಹಾಯುವುದಿಲ್ಲ. 70ರಲ್ಲಿ ಹಾಯುತ್ತದೆ, ಆದರೆ ಮೇಜಿನ ಮೇಲಿಟ್ಟಾಗಲೂ ಹಿಂದಿನದು ಇಣುಕಿ ಗೊಂದಲ. 90 ಮತ್ತು 100ರ ಮ್ಯಾಪ್‌ಲಿಥೊ ಕಾಗದ ತರಿಸಿ ಒಂದೊಂದು ಹಾಳೆ ಒತ್ತಿಸಿ ನೋಡೋಣ ಎಂದು ಮುಗಿಯಿತು.

ಎರಡು ಮೈಯ ಗೆರೆ ಕೂಡುವುದು ಇನ್ನೂ ಕಷ್ಟ. ಹಾಳೆ ಯಂತ್ರದಲ್ಲಿ ಎರಡನೇ ಸಲ ಹೋಗುವಾಗ ಜರುಗುತ್ತದೆ. ಯಂತ್ರ ನಡೆಸುವ ಹಿರಿಯ ನೌಕರ ಅಷ್ಟೊತ್ತು ಸುಮ್ಮನೆ ಕೇಳುತ್ತಿದ್ದವನು ಬಂದು, ಹಾಳೆಯ ಯಾವ ಅಂಚನ್ನು ಯಂತ್ರ ಹಿಡಿಯುತ್ತದೋ ಅದೇ ಅಂಚನ್ನು ಎರಡನೇ ಸಲವೂ ಹಿಡಿಯುವಂತೆ ಪುಟ ಜೋಡಿಸಿದರೆ ಜರುಗುವುದು ಬಹಳ ಕಡಿಮೆಯಾಗುತ್ತದೆ ಎಂದು ತೋರಿಸಿದ. ತಾನೇ ಹಾಳೆ ಮಡಚಿ, ಅಂಕಿ ಹಾಕಿ, ನನ್ನ ಮುಂದೆ ಬಿಚ್ಚಿದ. ಕೈ ಮಸಿಯಾಗಿತ್ತು, ಹಾಳೆಗೆ ಒಂದು ಕಲೆಯೂ ಆಗದಂತೆ ಬೆರಳ ಗೆಣ್ಣಿನಿಂದ ಮಡಚುತ್ತಿದ್ದ. ಅವನ ಹೆಸರನ್ನೂ ಬರೆದುಕೊಂಡು ಬಂದೆ. ಅಚ್ಚಿನ ಕೆಲಸ ಎಂಬ ಸಾಲಿನ ಕೆಳಗೆ ಮುದ್ರಣಾಲಯದ ಹೆಸರಿನ ಜೊತೆಗೆ ಅದೂ ಬರಬೇಕು.

ಮಾದರಿ ಹಾಳೆಗಳು ಗುರುವಾರ ಸಿಗುತ್ತವೆ. ಆಯಿಯನ್ನೂ ಕರೆದುಕೊಂಡು ಹೋಗಬೇಕು, ಎಳೆ ಸರಿದದ್ದು ಅವರ ಕಣ್ಣಿಗೇ ಮೊದಲು ಬೀಳುವುದು. ಬಸ್ಸು ಬೇಡ, ಆಟೊ ಹೇಳಿದ್ದೇನೆ.